ಊಟಿಯ ಚಳಿ ಕಾಲದ್ದಲ್ಲ, ಎತ್ತರದ್ದು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್ ಬಂತೆಂದರೆ ಕನ್ನಡ ಪತ್ರಿಕೆಗಳ ಪುರವಣಿಗಳಲ್ಲಿ ಊಟಿ ಹಾಜರು. ಕೆರೆಯ ದೋಣಿ, ಗುಲಾಬಿ ತೋಟ, ಹೊಗೆ ಬಿಡುವ ಪುಟ್ಟ ರೈಲು, ಕೊನೆಗೆ ಒಂದು ಸಾಲು: 'ಬೆಚ್ಚನೆಯ ಬಟ್ಟೆ ಮರೆಯದಿರಿ.' ಬಟ್ಟೆಯನ್ನು ಯಾರೂ ಮರೆಯುವುದಿಲ್ಲ. ಬಂಡೀಪುರ ದಾಟುವ ಮೊದಲೇ ಮಕ್ಕಳ ತಲೆಗೆ ಮಂಕಿ ಟೋಪಿ ಏರಿರುತ್ತದೆ. ಮರೆತುಹೋಗುವ ಸಂಗತಿಗಳೇ ಬೇರೆ. ಊಟಿ ಬೆಟ್ಟದ ಬುಡದಲ್ಲಿ, ಮಸಿನಗುಡಿ ರಸ್ತೆಯ ಬದಿಯಲ್ಲಿ ವಾಸವಿರುವ ನಮಗೆ ಬೇಸಿಗೆಯಲ್ಲಿ ದಿನವಿಡೀ ಕಾಣುವುದು ಕೆಎ 09, ಕೆಎ 10, ಕೆಎ 11 ಎಂದು ಶುರುವಾಗುವ ನಂಬರಿನ ಗಾಡಿಗಳು, ಮೂಗಿಗೆ ಬಡಿಯುವುದು ಅವುಗಳ ಕ್ಲಚ್ ಸುಟ್ಟ ವಾಸನೆ. ಹೀಗಾಗಿ ಈ ಪತ್ರ.

ಮೊದಲು ಒಂದು ತಿದ್ದುಪಡಿ. ಊಟಿಯ ಚಳಿ ಚಳಿಗಾಲದ ಚಳಿಯಲ್ಲ. ಊಟಿ ಇರುವುದು ಭೂಮಧ್ಯರೇಖೆಯಿಂದ ಹನ್ನೊಂದೂವರೆ ಡಿಗ್ರಿಯಷ್ಟು ಉತ್ತರಕ್ಕೆ, ಮೈಸೂರಿಗಿಂತಲೂ ದಕ್ಷಿಣಕ್ಕೆ. ಸೂರ್ಯ ನಮಗೆ ಹೇಗೋ ಅಲ್ಲಿಗೂ ಹಾಗೆಯೇ, ನೆತ್ತಿಯ ಮೇಲೆಯೇ. ಬೇರೆಯಾದದ್ದು ಎತ್ತರ ಮಾತ್ರ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಊಟಿ 2240, ದೊಡ್ಡಬೆಟ್ಟದ ತುದಿ 2637. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಾಪ ಇಳಿಯುತ್ತದೆ ಎಂಬುದು ಸರಾಸರಿ ಲೆಕ್ಕ. ಮೈಸೂರಿಗೂ ಊಟಿಗೂ ನಡುವೆ ಹತ್ತು ಡಿಗ್ರಿ ಹೆಚ್ಚುಕಡಿಮೆ ಆಗುವುದು ಹೀಗೆ. ಜನವರಿಯಲ್ಲಿ ಊಟಿಯ ಹಗಲು ಇಪ್ಪತ್ತರ ಆಸುಪಾಸು, ರಾತ್ರಿ ಐದಾರು ಡಿಗ್ರಿ. ಮೇ ತಿಂಗಳಲ್ಲಿ ಹಗಲು 22–23, ರಾತ್ರಿ 11–12. ಅಂದರೆ ಅಲ್ಲಿ ತಿಂಗಳಿಂದ ತಿಂಗಳಿಗೆ ಆಗುವ ವ್ಯತ್ಯಾಸಕ್ಕಿಂತ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ನಡುವಿನ ವ್ಯತ್ಯಾಸವೇ ದೊಡ್ಡದು. ಬ್ರೇಕು, ಅನ್ನ, ಹೀಟರು, ಚರ್ಮ, ಎಲ್ಲದರಲ್ಲೂ ಆಗುವ ತಪ್ಪುಗಳ ಬೇರು ಇದೊಂದನ್ನು ಮರೆಯುವುದರಲ್ಲಿದೆ.

ಗೇಟಿನಿಂದ ಶುರು ಮಾಡೋಣ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್ ಎರಡಕ್ಕೂ ಹೊರಗಿನ ಗಾಡಿಗಳಿಗೆ ಇ-ಪಾಸ್ ಬಂದಿದೆ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಊಟಿಗೆ ವಾರದ ದಿನಗಳಲ್ಲಿ 6000, ವಾರಾಂತ್ಯದಲ್ಲಿ 8000 ವಾಹನ ಎಂಬ ಮಿತಿಯನ್ನೂ ಕೋರ್ಟ್ ಹಾಕಿತ್ತು. ಪಾಸಿಗೆ ದುಡ್ಡಿಲ್ಲ. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಮೊಬೈಲ್ ನಂಬರ್ ಕೊಟ್ಟು, ಗಾಡಿಯ ನಂಬರ್, ಎಷ್ಟು ಜನ, ಯಾವತ್ತು ಬಂದು ಯಾವತ್ತು ಹೋಗುತ್ತೀರಿ, ಎಲ್ಲಿ ಉಳಿಯುತ್ತೀರಿ ಎಂದು ತುಂಬಿದರೆ ಕ್ಯೂಆರ್ ಕೋಡ್ ಬರುತ್ತದೆ. ಕೆಲಸ ಸುಲಭ. ಕೆಡುವುದು ಎಲ್ಲಿ ಎಂದರೆ, ರಾಜ್ಯದ ಗಡಿಯ ಕೆಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ಆಗ ಮೊಬೈಲ್ ತೆಗೆಯುವುದರಲ್ಲಿ. ಅದು ಕಾಡು. ಸಿಗ್ನಲ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಹಿಂದೆ ಸಾಲು ಬೆಳೆಯುತ್ತದೆ. ಮನೆಯಲ್ಲೇ ಪಾಸ್ ಮಾಡಿ ಅದರ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಆದರೆ ಒಂದು ಪ್ರತಿ ಕಾಗದದಲ್ಲೂ ಇರಲಿ. ಎರಡು ಗಾಡಿಯಲ್ಲಿ ಹೊರಟರೆ ಎರಡು ಪಾಸ್ ಬೇಕು. ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಈ ಗೋಜು ಇಲ್ಲ.

ಅದೇ ಗೇಟಿನಲ್ಲಿ ಪ್ಲಾಸ್ಟಿಕ್ ತಪಾಸಣೆಯೂ ನಡೆಯುತ್ತದೆ. ಕ್ಯಾರಿಬ್ಯಾಗ್, ಪ್ಲಾಸ್ಟಿಕ್ ಲೋಟ, ತಟ್ಟೆ, ಐದು ಲೀಟರಿಗಿಂತ ಚಿಕ್ಕ ನೀರಿನ ಬಾಟಲಿ, ಇವು ನೀಲಗಿರಿ ಜಿಲ್ಲೆಯೊಳಗೆ ನಿಷಿದ್ಧ. ಗುಂಡ್ಲುಪೇಟೆಯಲ್ಲಿ ಒಂದು ಕೇಸ್ ನೀರಿನ ಬಾಟಲಿ ಕೊಂಡು ಡಿಕ್ಕಿಗೆ ಹಾಕಿದವರು ಅದನ್ನು ಗೇಟಿನಲ್ಲಿ ಇಳಿಸುತ್ತಾರೆ, ಮೇಲಿಂದ ದಂಡವನ್ನೂ ಕಟ್ಟುತ್ತಾರೆ. ಸ್ಟೀಲ್ ಬಾಟಲಿ ತನ್ನಿ. ಊಟಿಯ ರಸ್ತೆಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಯಂತ್ರಗಳಿವೆ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದಲೂ. ಇದು ಎಲ್ಲರಿಗೂ ಗೊತ್ತು. ಆದರೂ ಲೆಕ್ಕ ತಪ್ಪುವುದು ವಾಪಸ್ ಬರುವಾಗ. ಊಟಿಯಿಂದ ಗೂಡಲೂರಿನ ಮೇಲೆ ತೆಪ್ಪಕಾಡಿಗೆ 67 ಕಿಲೋಮೀಟರ್, ಅಲ್ಲಿಂದ ಮತ್ತೆ ಗಡಿಯ ಗೇಟು. ಮೊಬೈಲಿನ ನಕ್ಷೆ ಎರಡು ಗಂಟೆ ಎನ್ನುತ್ತದೆ. ಮೇ ತಿಂಗಳ ಭಾನುವಾರ ಆ ಎರಡು ಗಂಟೆ ಊಟಿ ಪೇಟೆಯಿಂದ ಹೊರಬೀಳುವುದಕ್ಕೇ ಸಾಲದೆ ಹೋಗಬಹುದು. ಸೀಸನ್ನಿನಲ್ಲಿ ನಾಲ್ಕಕ್ಕೆ ಹೊರಡಿ, ಉಳಿದ ದಿನಗಳಲ್ಲಿ ಐದಕ್ಕೆ. ಎಂಟೂವರೆಗೆ ಗೂಡಲೂರು ಬಿಟ್ಟು ಕಾಡಿನಲ್ಲಿ ಗಾಡಿ ಓಡಿಸುವವರಿಂದಲೇ ಜಿಂಕೆಗಳು ಸಾಯುವುದು.

ಇನ್ನು ಘಟ್ಟ. ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಗೂಡಲೂರು, ನಡುವಟ್ಟಂ, ಪೈಕಾರ ದಾಟಿ ಊಟಿ. ಎಡಕ್ಕೆ ಮಸಿನಗುಡಿ, ಕಲ್ಹಟ್ಟಿ ದಾಟಿ ಊಟಿ, 36 ಕಿಲೋಮೀಟರ್. ಅರ್ಧಕ್ಕೆ ಅರ್ಧ ಕಡಿಮೆ ಎಂದು ಎಲ್ಲರೂ ಎಡಕ್ಕೇ ತಿರುಗುತ್ತಾರೆ. ಆದರೆ ಈ ದಾರಿ ಸಾವಿರ ಮೀಟರಿಗೂ ಹೆಚ್ಚು ಎತ್ತರವನ್ನು ಹನ್ನೆರಡು ಹದಿಮೂರು ಕಿಲೋಮೀಟರಿನೊಳಗೆ ಏರುತ್ತದೆ, 36 ಹಿಮ್ಮುರಿ ತಿರುವುಗಳಲ್ಲಿ. ಗೂಡಲೂರಿನ ದಾರಿಯೂ ಘಟ್ಟವೇ, ಆದರೆ ಅದು ಅದೇ ಎತ್ತರವನ್ನು ಕಂತಿನಲ್ಲಿ ವಸೂಲು ಮಾಡುತ್ತದೆ. ಕಲ್ಹಟ್ಟಿ ಒಂದೇ ಏಟಿಗೆ ಕೇಳುತ್ತದೆ.

ಹತ್ತುವಾಗ ಮೊದಲು ಕೈಕೊಡುವುದು ಕ್ಲಚ್. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಸಾವಿರ ಮೀಟರಿಗೆ ಹತ್ತನೇ ಒಂದು ಪಾಲಿನಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಏಕೆಂದರೆ ಅದು ಎಳೆದುಕೊಳ್ಳುವ ಗಾಳಿಯೇ ತೆಳು. ಊಟಿ ಮುಟ್ಟುವ ಹೊತ್ತಿಗೆ ಐದರಲ್ಲಿ ಒಂದು ಪಾಲು ಹೋಗಿರುತ್ತದೆ. ಐದು ಜನ, ಮೇಲೆ ಸಾಮಾನು, ಏಸಿ ಚಾಲೂ, ಎರಡನೇ ಗೇರ್. ತಿರುವಿನ ಒಳಮೈಯಲ್ಲಿ ಗಾಡಿ ನಡುಗುತ್ತದೆ, ಚಾಲಕ ಅರ್ಧ ಕ್ಲಚ್ ಒತ್ತಿ ಎಳೆಯುತ್ತಾನೆ. ಹತ್ತನೇ ತಿರುವಿಗೆ ವಾಸನೆ. ಏಸಿ ಆರಿಸಿ, ತಿರುವಿಗೆ ಮೊದಲೇ ಒಂದನೇ ಗೇರಿಗೆ ಬನ್ನಿ, ಕ್ಲಚ್ ಪೂರ್ತಿ ಬಿಡಿ, ತಿರುವಿನ ಹೊರ ಅಂಚಿನಿಂದ ಅಗಲವಾಗಿ ತಿರುಗಿ. ಒಳ ಅಂಚು ಎಲ್ಲಕ್ಕಿಂತ ಕಡಿದು. ಮುಂದಿನ ಗಾಡಿ ತಿರುವನ್ನು ಮುಗಿಸುವವರೆಗೆ ಕೆಳಗೇ ನಿಲ್ಲಿ, ನಡುತಿರುವಿನಲ್ಲಿ ನಿಂತರೆ ಮತ್ತೆ ಎಬ್ಬಿಸುವಷ್ಟರಲ್ಲಿ ಕ್ಲಚ್ಚಿನ ಆಯುಸ್ಸು ಮುಗಿಯುತ್ತದೆ. ಬೆಟ್ಟದ ರಸ್ತೆಯಲ್ಲಿ ಹತ್ತುವ ಗಾಡಿಗೆ ದಾರಿ ಬಿಡಬೇಕೆಂಬುದು ಬರಿಯ ಮರ್ಯಾದೆಯಲ್ಲ, ಕಾನೂನು.

ಇಳಿಯುವುದು ಇದಕ್ಕಿಂತ ಕಷ್ಟ. ಟಿಎನ್ 43, ಅಂದರೆ ನೀಲಗಿರಿಯ ನೋಂದಣಿ ಇಲ್ಲದ ಗಾಡಿಗಳನ್ನು ಊಟಿಯಿಂದ ಕಲ್ಹಟ್ಟಿ ಘಟ್ಟಕ್ಕೆ ಇಳಿಯಲು ಬಿಡುವುದಿಲ್ಲ. ತಲೈಕುಂದಾದಲ್ಲೇ ತಿರುಗಿಸಿ ಗೂಡಲೂರಿನ ಕಡೆಗೆ ಕಳುಹಿಸುತ್ತಾರೆ. ಬಂದ ದಾರಿಯಲ್ಲೇ ವಾಪಸ್ ಹೋಗಬಹುದು ಎಂದುಕೊಂಡು ಸಮಯದ ಲೆಕ್ಕ ಹಾಕಿದವರು ಅಲ್ಲಿ ಪೊಲೀಸರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಹಣ ಕೀಳಲು ಮಾಡಿದ ನಿಯಮವಲ್ಲ ಅದು. ಬ್ರೇಕ್ ಹೋಗಿ ಕಮರಿಗೆ ಬಿದ್ದ ಗಾಡಿಗಳ ಲೆಕ್ಕದಿಂದ ಬಂದದ್ದು.

ಗೂಡಲೂರಿನ ಕಡೆ ಇಳಿದರೂ ಘಟ್ಟ ಘಟ್ಟವೇ. ಬ್ರೇಕ್ ಏಕೆ ಹೋಗುತ್ತದೆ ಎಂಬುದನ್ನು ಒಂದು ಲೆಕ್ಕ ಹೇಳುತ್ತದೆ. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಕಾರು ಸಾವಿರ ಮೀಟರ್ ಇಳಿದರೆ ಅಷ್ಟು ಶಕ್ತಿ ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ಎಷ್ಟು ಶಾಖ? ಬಚ್ಚಲ ಹಂಡೆಯಲ್ಲಿ ತುಂಬಿದ ನಲವತ್ತಕ್ಕೂ ಹೆಚ್ಚು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಆ ಹಂಡೆಯನ್ನು ಎಂಜಿನ್ ಹೊರಬೇಕೋ, ಅಂಗೈ ಅಗಲದ ನಾಲ್ಕು ಜೊತೆ ಬ್ರೇಕ್ ಪ್ಯಾಡ್‌ಗಳು ಹೊರಬೇಕೋ ಎಂಬುದು ಚಾಲಕನ ಎಡಗೈಯಲ್ಲಿದೆ. ಹತ್ತಿದ ಗೇರಿನಲ್ಲೇ ಇಳಿ ಎಂಬ ಹಳೆಯ ಲಾರಿ ಡ್ರೈವರುಗಳ ಮಾತು ಸರಿಯಾಗಿಯೇ ಇದೆ. ಎರಡನೇ ಗೇರ್, ಕಡಿದಾದಲ್ಲಿ ಒಂದನೇ ಗೇರ್. ಬ್ರೇಕನ್ನು ತಿರುವಿಗೆ ಮೊದಲು ಗಟ್ಟಿಯಾಗಿ ಒಂದು ಸಲ ಒತ್ತಿ ಬಿಡಿ, ಉದ್ದಕ್ಕೂ ಮೆಲ್ಲಗೆ ಕಾಲಿಟ್ಟುಕೊಂಡು ಬರಬೇಡಿ. ಮೆಲ್ಲಗೆ ಇಟ್ಟ ಕಾಲೇ ಪ್ಯಾಡನ್ನು ಸುಡುವುದು, ಆರಲು ಬಿಡುವೇ ಸಿಗುವುದಿಲ್ಲ.

ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಬಿಡುವವರು ಇನ್ನೂ ಇದ್ದಾರೆ. ಇಂದಿನ ಇಂಜೆಕ್ಷನ್ ಗಾಡಿಯಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನಿರುವುದಕ್ಕಾದರೂ ಕುಡಿಯುತ್ತದೆ. ಹಾಗಾಗಿ ಉಳಿತಾಯವೂ ಇಲ್ಲ. ಎಂಜಿನ್ನೇ ಆರಿಸಿದರಂತೂ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿ, ಸ್ಟಿಯರಿಂಗ್ ಕಲ್ಲು.

ಬ್ರೇಕ್ ಕೆಡುವ ಬಗೆ ಎರಡು, ಕಾಲಿಗೇ ಗೊತ್ತಾಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದೆ, ಆದರೆ ಗಾಡಿ ಹಿಡಿಯುತ್ತಿಲ್ಲ, ವಾಸನೆ ಬರುತ್ತಿದೆ: ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಕೂರುತ್ತಿದೆ: ಬ್ರೇಕ್ ಎಣ್ಣೆ ಕುದಿದು ಆವಿಯಾಗಿದೆ. ಎರಡನೆಯದು ಹೆಚ್ಚು ಅಪಾಯ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ 205 ಡಿಗ್ರಿಯವರೆಗೆ ತಡೆಯಬೇಕೆಂಬುದು ಮಾನದಂಡ, ನೀರು ಹೀರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿ 230 ಮತ್ತು 155. ಎಣ್ಣೆ ಬದಲಿಸಿ ಎರಡು ವರ್ಷ ದಾಟಿದ್ದರೆ ಊಟಿಗೆ ಹೊರಡುವ ವಾರ ಬದಲಿಸಿ. ಖರ್ಚು ದೊಡ್ಡದಲ್ಲ. ದಾರಿಯಲ್ಲೇ ಪೆಡಲ್ ಕುಸಿದರೆ ಬೇಗಬೇಗ ನಾಲ್ಕೈದು ಸಲ ಒತ್ತಿ, ಗೇರ್ ಒಂದೊಂದೇ ಇಳಿಸಿ, ಕೈಬ್ರೇಕನ್ನು ಗುಂಡಿ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ, ಕಮರಿಯ ಬದಿ ಬಿಟ್ಟು ಬೆಟ್ಟದ ಬದಿಗೆ ಒರಗಿಸಿ. ನಿಂತ ಮೇಲೆ ಅರ್ಧ ಗಂಟೆ ಹಾಗೇ ಬಿಡಿ. ಕಾದ ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ ಇಲ್ಲವೇ ಸೀಳುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ಆ ಕಲ್ಲನ್ನು ತೆಗೆದು ಚರಂಡಿಗೆ ಹಾಕಿ. ಇದನ್ನು ಮಾಡದೆ ಹೊರಡುವವರೇ ಹೆಚ್ಚು. ಹಿಂದೆ ಮಂಜಿನಲ್ಲಿ ಬರುವ ಬೈಕಿನವನಿಗೆ ಕಲ್ಲು ಕಾಣುವುದು ಅದರ ಮೇಲೆ ಹತ್ತಿದಾಗಲೇ.

ಆಟೊಮ್ಯಾಟಿಕ್ ಗಾಡಿಯವರು 'ಡಿ'ಯಲ್ಲಿ ಇಳಿಯಬಾರದು. 'ಎಲ್', '2' ಅಥವಾ ಮ್ಯಾನುಯಲ್ ಎಂದಿರುವ ಕಡೆ ಹಾಕಿ. ವಿದ್ಯುತ್ ಕಾರಿನವರಿಗೆ ಬೇರೆಯದೇ ಎಚ್ಚರಿಕೆ: ಮೇಲೆ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿ ಹೊರಟರೆ ಇಳಿಜಾರಿನಲ್ಲಿ ಹುಟ್ಟುವ ವಿದ್ಯುತ್ತಿಗೆ ಜಾಗವಿರುವುದಿಲ್ಲ, ಮೋಟಾರ್ ಬ್ರೇಕ್ ಕೆಲಸ ಮಾಡುವುದಿಲ್ಲ, ಭಾರವೆಲ್ಲ ಪ್ಯಾಡಿನ ಮೇಲೆ. ಎಂಬತ್ತಕ್ಕೆ ನಿಲ್ಲಿಸಿ. ಗೇರಿಲ್ಲದ ಸ್ಕೂಟರುಗಳ ವಿಷಯ ಇನ್ನೂ ಸೂಕ್ಷ್ಮ. ವೇಗ ತಗ್ಗಿದಂತೆ ಅದರ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ, ಆಮೇಲೆ ಎಂಜಿನ್ ಹಿಡಿತವೇ ಇಲ್ಲ, ಸೈಕಲ್ಲಿನಂತೆ ಜಾರುತ್ತದೆ. ಇಬ್ಬರು ಕೂತು ಸ್ಕೂಟರಿನಲ್ಲಿ ಘಟ್ಟ ಇಳಿಯಬೇಡಿ ಎಂದೇ ನಮ್ಮ ಸಲಹೆ.

ಟಯರಿನ ಬಗ್ಗೆ ಒಂದು ಮೂಢನಂಬಿಕೆ ಇದೆ: ಎತ್ತರಕ್ಕೆ ಹೋದರೆ ಉಬ್ಬುತ್ತದೆ, ಗಾಳಿ ಬಿಡಬೇಕು ಎಂದು. ಚಿಪ್ಸ್ ಪೊಟ್ಟಣ ಉಬ್ಬಿದ್ದನ್ನು ನೋಡಿ ಹುಟ್ಟಿದ್ದಿರಬೇಕು. ಮೈಸೂರಿನಿಂದ ಊಟಿಗೆ ಹೊರಗಿನ ಒತ್ತಡ ತಗ್ಗುವುದರಿಂದ ಮಾಪಕದಲ್ಲಿ ಎರಡು ಪಾಯಿಂಟ್ ಏರಬೇಕು, ಆದರೆ ಹತ್ತು ಡಿಗ್ರಿ ತಂಪಾಗುವುದರಿಂದ ಒಂದೂವರೆ ಪಾಯಿಂಟ್ ಇಳಿಯುತ್ತದೆ. ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. ಬೆಳಗಿನ ಜಾವ ಐದು ಡಿಗ್ರಿಯಲ್ಲಿ ನೋಡಿದರೆ ಕಡಿಮೆಯೇ ಇರುತ್ತದೆ. ಬಿಡಬೇಡಿ.

ಊಟಿ ತಲುಪಿದ ಮೇಲಿನ ತಪ್ಪುಗಳು ಸಣ್ಣವು, ಒಂದನ್ನು ಬಿಟ್ಟು. ಆ ಒಂದು, ಕೋಣೆಯೊಳಗಿನ ಇದ್ದಿಲು. ಇಲ್ಲಿನ ಮನೆ, ವಸತಿಗೃಹಗಳಲ್ಲಿ ಗೋಡೆಯೊಳಗೆ ಹುದುಗಿಸಿದ ಹೀಟರುಗಳು ಸಾಮಾನ್ಯವಾಗಿ ಇರುವುದಿಲ್ಲ. ರಾತ್ರಿ ಹೊರಗೆ ಕ್ಯಾಂಪ್‌ಫೈರ್ ಹಾಕಿಸಿಕೊಂಡವರು ಉಳಿದ ಕೆಂಡವನ್ನು ಬಾಣಲೆಯಲ್ಲಿ ಕೋಣೆಗೆ ತಂದು, ಚಳಿ ನುಗ್ಗೀತೆಂದು ಕಿಟಕಿ ಸಂದಿಗೆ ಟವೆಲ್ ತುರುಕಿ ಮಲಗುತ್ತಾರೆ. ಕೆಂಡ ಆರುತ್ತಾ ಬಂದಂತೆ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ನೀಲಗಿರಿಯಲ್ಲೂ ಕೊಡೈಕೆನಾಲ್‌ನಲ್ಲೂ ಇಂಥ ಸಾವುಗಳು ಆಗಿವೆ. ಹೊಗೆ ಬರುತ್ತಿಲ್ಲವಲ್ಲ ಎನ್ನುವುದೇ ಮೋಸ, ಹೊಗೆ ನಿಂತ ಕೆಂಡವೇ ಕೊಲ್ಲುವುದು. ಹಳೆಯ ಬಂಗಲೆಯ ಗೋಡೆ ಒಲೆಗೆ ಚಿಮಣಿ ತೆರೆದಿದ್ದರೆ ಮಾತು ಬೇರೆ. ಗಾಳಿಕಿಂಡಿ ಮುಚ್ಚಿದ ಬಚ್ಚಲಿನ ಗ್ಯಾಸ್ ಗೀಸರಿನದೂ ಇದೇ ಕಥೆ. ಎರಡು ಕಂಬಳಿ ಹೆಚ್ಚು ಕೇಳಿ, ಬಿಸಿನೀರಿನ ರಬ್ಬರ್ ಚೀಲ ಕಾಲಡಿ ಇಟ್ಟುಕೊಳ್ಳಿ.

ಕೋಣೆ ಆರಿಸುವಾಗ ಕೆರೆಯ ಅಂಚು, ಕಣಿವೆಯ ತಳ ಬೇಡ. ತಂಪು ಗಾಳಿ ಭಾರ, ರಾತ್ರಿ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಉಪ್ಪು ಎರಚಿದಂತೆ ಹೆಪ್ಪುಗಟ್ಟುವುದು ತಲೈಕುಂದಾ, ಸಸ್ಯೋದ್ಯಾನದ ಹುಲ್ಲುಹಾಸು ಮೊದಲಾದ ತಗ್ಗುಗಳಲ್ಲೇ. ನೂರಡಿ ಮೇಲಿನ ಇಳಿಜಾರಿನ ಮನೆ ಬೆಚ್ಚಗಿರುತ್ತದೆ. ಬೆಳಗ್ಗೆ ಕಾರಿನ ಗಾಜು ಹೆಪ್ಪುಗಟ್ಟಿದ್ದರೆ ಬಿಸಿನೀರು ಹಾಕಬೇಡಿ, ಒಡೆಯುತ್ತದೆ. ಎಂಜಿನ್ ಹಚ್ಚಿ ಬ್ಲೋವರ್ ಬಿಡಿ, ಹತ್ತು ನಿಮಿಷ ಕಾಯಿರಿ. ಅದೇ ದಿನ ಮಧ್ಯಾಹ್ನ ಸ್ವೆಟರ್ ತೆಗೆದು ದೋಣಿಯಲ್ಲಿ ಎರಡು ಗಂಟೆ ಕೂತರೆ ಮೂಗಿನ ತೊಗಲು ಸುಲಿಯುತ್ತದೆ. ಗಾಳಿ ತಂಪಾದರೂ ಬಿಸಿಲಿನ ನೇರಳಾತೀತ ಕಿರಣ ಸಾವಿರ ಮೀಟರಿಗೆ ಶೇ 10ರಷ್ಟು ಹೆಚ್ಚುತ್ತದೆ. ಟೋಪಿ ಬೇಕಾದ್ದು ಮುಂಜಾನೆಗಿಂತ ಮಧ್ಯಾಹ್ನಕ್ಕೆ, ಅದೂ ಉಣ್ಣೆಯದಲ್ಲ, ಅಂಚಿರುವುದು.

ಟೆಂಪೊ ಟ್ರಾವೆಲರ್ ಮಾಡಿಕೊಂಡು, ಪಾತ್ರೆ, ಅಕ್ಕಿ, ಬೇಳೆ, ಸಣ್ಣ ಸಿಲಿಂಡರ್ ಸಮೇತ ಬರುವ ಗುಂಪುಗಳಿಗೆ ಎರಡು ಮಾತು. ಕಾಡಿನ ದಾರಿಯಲ್ಲಿ ಒಲೆ ಹಚ್ಚುವುದು ಅಪರಾಧ. ಫೆಬ್ರುವರಿಯಿಂದ ಮೇವರೆಗೆ ಲಂಟಾನ ಒಣಗಿ ಕಡ್ಡಿಪುಡಿಯಾಗಿರುತ್ತದೆ, ಒಂದು ಕಿಡಿ ಸಾಕು. ಅಡುಗೆಗೆ ಅನುಮತಿ ಇರುವ ಜಾಗ ಸಿಕ್ಕ ಮೇಲೂ ಅನ್ನ ಕೈಕೊಡುತ್ತದೆ. ಊಟಿಯ ಗಾಳಿಯೊತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟೇ, ನೀರು ಅಲ್ಲಿ 92–93 ಡಿಗ್ರಿಗೇ ಕುದಿಯುತ್ತದೆ. ಬೋಗುಣಿಯಲ್ಲಿ ನೀರು ಬುಳುಬುಳು ಎನ್ನುತ್ತಿದ್ದರೂ ಅದಕ್ಕಿಂತ ಬಿಸಿಯಾಗದು, ಉರಿ ಎಷ್ಟೇ ಏರಿಸಿದರೂ ಗ್ಯಾಸ್ ಖರ್ಚಾಗುತ್ತದೆ ಅಷ್ಟೆ. ಮೇಲೆ ಬೆಂದು ನಡುವೆ ಗಟ್ಟಿ ಉಳಿದ ಅನ್ನ, ಬೇಯದ ತೊಗರಿಬೇಳೆ, ಹೊಟ್ಟೆನೋವು. ಅಕ್ಕಿಯನ್ನು ಅರ್ಧ ಗಂಟೆ, ಬೇಳೆಯನ್ನು ಒಂದು ಗಂಟೆ ನೆನೆಸಿ, ಕುಕ್ಕರ್ ತನ್ನಿ, ಎರಡು ಕೂಗಿಗೆ ಆಗುವುದಕ್ಕೆ ಮೂರು ನಾಲ್ಕು ಕೂಗಿಸಿ. ಬೆಳಗ್ಗೆ ಸಿಲಿಂಡರಿನ ಉರಿ ಸಣ್ಣಗಾದರೆ ಗ್ಯಾಸ್ ಮುಗಿದಿಲ್ಲ, ತಣ್ಣಗಾಗಿದೆ. ಬಿಸಿಲಿಗೆ ಇಡಿ. ಪಕ್ಕದಲ್ಲಿ ಬೆಂಕಿ ಹಾಕಿ ಕಾಯಿಸಿದರೆ ಆಗುವ ಅನಾಹುತ ಹೇಳಬೇಕಾಗಿಲ್ಲ.

ಕೆಲಸಕ್ಕೆಂದು ಊಟಿ, ಕುನ್ನೂರು, ಕೋಟಗಿರಿಗೆ ಬಂದು ಮನೆ ಮಾಡುವ ಕನ್ನಡದ ಕುಟುಂಬಗಳು ಮೊದಲ ತಿಂಗಳು ಸೋಲುವುದು ಅಡುಗೆಮನೆಯಲ್ಲೇ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ಇಟ್ಟ ಹಾಗೇ ಇರುತ್ತದೆ. ಕೆಳಗೆ ಎಂಟು ಗಂಟೆಯಲ್ಲಿ ಆಗುವ ಹುದುಗು ಇಲ್ಲಿ ಒಂದು ದಿನ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ ಸೇರಿಸಿ, ಉಪ್ಪನ್ನು ಹುಳಿ ಬಂದ ಮೇಲೆ ಹಾಕಿ, ಪಾತ್ರೆಯನ್ನು ಕಂಬಳಿ ಸುತ್ತಿ ಒಲೆಯ ಪಕ್ಕ ಇಡಿ. ಮೊಸರಿಗೆ ಹಾಲು ಕೆಳಗಿನದಕ್ಕಿಂತ ತುಸು ಹೆಚ್ಚೇ ಬಿಸಿಯಿರಲಿ, ಹೆಪ್ಪು ಎರಡರಷ್ಟು, ಅನ್ನದ ಹಾಟ್‌ಬಾಕ್ಸಿನೊಳಗೆ ಇಟ್ಟು ಮುಚ್ಚಿ. ಕೊಬ್ಬರಿಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ವರ್ಷವಿಡೀ ಬಾಟಲಿಯಲ್ಲೇ ಕಲ್ಲು. ಕಿರಿದು ಬಾಯಿಯ ಬಾಟಲಿ ಬೇಡ, ಅಗಲ ಬಾಯಿಯ ಡಬ್ಬಿಗೆ ಸುರಿದಿಟ್ಟುಕೊಳ್ಳಿ.

ಮಳೆ ಯಾವಾಗ ಎಂದು ಕೇಳುವುದಕ್ಕಿಂತ ಯಾವ ಬದಿಗೆ ಎಂದು ಕೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಪಡುವಣ ಮೈಯನ್ನು ಹೊಡೆಯುತ್ತದೆ: ಗೂಡಲೂರು, ದೇವಾಲ, ಅವಲಾಂಚಿ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 82 ಸೆಂ.ಮೀ. ಸುರಿದಿತ್ತು. ಆಗ ಗೂಡಲೂರು ರಸ್ತೆಯಲ್ಲಿ ಮರ ಬೀಳುವುದು, ಮಣ್ಣು ಜಾರುವುದು ಮಾಮೂಲು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮೂಡಣ ಮೈಯನ್ನು ಹಿಡಿಯುತ್ತದೆ: ಕುನ್ನೂರು, ಕೋಟಗಿರಿ, ಮೇಟುಪಾಳ್ಯದ ಘಟ್ಟ. 2009ರ ನವೆಂಬರ್‌ನಲ್ಲಿ 40ಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದದ್ದು ಆ ಕಡೆಯೇ. ಮಳೆಯ ನೆರಳಿನಲ್ಲಿ ಕೂತ ಮಸಿನಗುಡಿಯಲ್ಲಿ ಕೊಡೆ ಬಿಚ್ಚದ ದಿನವೂ ಇಪ್ಪತ್ತು ಕಿಲೋಮೀಟರ್ ಆಚೆ ರಸ್ತೆ ಕೊಚ್ಚಿಹೋಗಿರಬಹುದು. ಇಲ್ಲಿನ ಆಕಾಶ ನೋಡಿ ಮೇಲಿನದನ್ನು ಊಹಿಸಬೇಡಿ.

ರೈಲಿನ ಬಗ್ಗೆ ನಿಮ್ಮ ಪುರವಣಿಗಳು ಸಾಕಷ್ಟು ಬರೆದಿವೆ: ಮೇಟುಪಾಳ್ಯದಿಂದ 46 ಕಿಲೋಮೀಟರ್, 16 ಸುರಂಗ, 1908ರಲ್ಲಿ ಊಟಿ ತಲುಪಿದ್ದು, 2005ರಲ್ಲಿ ಯುನೆಸ್ಕೊ ಪಟ್ಟಿ. ಬರೆಯದೇ ಬಿಟ್ಟದ್ದು, ಮೈಸೂರಿನ ಕಡೆಯಿಂದ ಬರುವವರಿಗೆ ಮೇಟುಪಾಳ್ಯ ದಾರಿಯಲ್ಲೇ ಇಲ್ಲ ಎಂಬುದು. ಹಲ್ಲುಗಾಲಿಯ ಹಳಿಯ ಮೇಲೆ ಎಂಜಿನ್ ಹಿಂದಿನಿಂದ ತಳ್ಳುವುದನ್ನು ನೋಡಲೇಬೇಕೆಂದರೆ ಹಿಂದಿನ ದಿನ ಮೇಟುಪಾಳ್ಯದಲ್ಲಿ ತಂಗಿ, ಸೀಟು ಬಹಳ ಮೊದಲೇ ಕಾದಿರಿಸಬೇಕು. ಮಕ್ಕಳಿಗೆ ರೈಲು ಹತ್ತಿಸಿದರೆ ಸಾಕು ಎನ್ನುವವರಿಗೆ ಊಟಿ–ಕುನ್ನೂರು ನಡುವೆ ದಿನಕ್ಕೆ ಹಲವು ಗಾಡಿಗಳಿವೆ, ಡೀಸೆಲ್ ಎಂಜಿನ್, ಒಂದು ಗಂಟೆಯ ಹಾದಿ. ಹೋಗುವಾಗ ರೈಲು, ಬರುವಾಗ ಬಸ್ಸು.

ಗುಂಡ್ಲುಪೇಟೆ, ಚಾಮರಾಜನಗರ, ಎಚ್.ಡಿ. ಕೋಟೆಯ ರೈತರಿಗೆ ಒಂದು ವಿಷಯ ಪ್ರವಾಸದ ಪುಟದಲ್ಲಿ ಬಂದರೂ ಅಡ್ಡಿಯಿಲ್ಲ. ಊಟಿ ಆಲೂಗಡ್ಡೆ ಚೆನ್ನಾಗಿದೆಯೆಂದು ಮೊಳಕೆ ಬಂದವನ್ನು ಬಿತ್ತನೆಗೆ ಒಯ್ಯಬೇಡಿ. ಬೇರಿನಲ್ಲಿ ಸಾಸಿವೆಗಿಂತ ಸಣ್ಣ ಹೊಂಬಣ್ಣದ ಗಂಟಾಗಿ ಕೂರುವ ಜಂತುಹುಳು ನೀಲಗಿರಿಯ ಮಣ್ಣಿನಲ್ಲಿ 1961ರಲ್ಲೇ ಪತ್ತೆಯಾಗಿದೆ. ಬಿತ್ತನೆ ಗಡ್ಡೆ ಹೊರಕ್ಕೆ ಸಾಗಿಸುವುದಕ್ಕೆ 1971ರಿಂದ ನಿರ್ಬಂಧವಿದೆ. ಗಂಟಿನೊಳಗಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತವೆ. ತಿನ್ನಲು ಕೊಂಡ ಗಡ್ಡೆಯನ್ನೂ ಅಲ್ಲೇ ಮಣ್ಣು ಕೊಡವಿ ತನ್ನಿ. ಹೂಕುಂಡದ ಮಣ್ಣನ್ನೂ ಅಲ್ಲೇ ಬಿಡಿ.

ನಮ್ಮ ಕೋರಿಕೆ ಸಣ್ಣದು. ಇಲ್ಲಿನ ಘಟ್ಟದ ಬೋರ್ಡುಗಳಲ್ಲಿ ಹೆಚ್ಚಿನವು ತಮಿಳು, ಇಂಗ್ಲಿಷಿನಲ್ಲಿವೆ. ಕಲ್ಹಟ್ಟಿ, ದೊಡ್ಡಬೆಟ್ಟ, ಮಸಿನಗುಡಿ ಎಂಬ ಹೆಸರುಗಳು ಕನ್ನಡದ ಕಿವಿಗೆ ಹತ್ತಿರವಾಗಿದ್ದರೂ 'ಎರಡನೇ ಗೇರಿನಲ್ಲಿ ಇಳಿಯಿರಿ' ಎಂಬುದು ಕನ್ನಡ ಮಾತ್ರ ಓದುವ ಚಾಲಕನಿಗೆ ಸಿಗುವುದಿಲ್ಲ. ಬೋರ್ಡು ಹಾಕಿಸುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಏಪ್ರಿಲ್ ಮೊದಲ ವಾರ ಊಟಿಯ ಚಿತ್ರಗಳ ಪಕ್ಕದಲ್ಲಿ ಅಂಗೈ ಅಗಲದ ಒಂದು ಚೌಕದಲ್ಲಿ ಪಾಸು, ಗೇಟಿನ ಸಮಯ, ಗೇರು, ಬ್ರೇಕ್ ಎಣ್ಣೆ, ಇದ್ದಿಲು ಎಂಬ ಐದು ಸಂಗತಿ ಹಾಕಬಹುದು. ಅದು ಜಾಲತಾಣದಲ್ಲಷ್ಟೇ ಬಂದರೆ ಉಪಯೋಗವಿಲ್ಲ, ಕೆಕ್ಕನಹಳ್ಳದಾಚೆ ಸಿಗ್ನಲ್ ನಂಬುವಂತಿಲ್ಲ. ಕತ್ತರಿಸಿ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಸಿಕ್ಕಿಸಿಕೊಳ್ಳುವಂತೆ ಕಾಗದದಲ್ಲೇ ಬರಲಿ, ಹಿಂಬದಿಯಲ್ಲಿ ಜಾಹೀರಾತು ಇದ್ದರೂ ಚಿಂತೆಯಿಲ್ಲ.

ಇಂತಿ,
ಮಸಿನಗುಡಿಯ ಕೆಲವು ಕನ್ನಡ ಓದುಗರು
ನೀಲಗಿರಿ ಜಿಲ್ಲೆ, ತಮಿಳುನಾಡು